ದೀನಬಾಲಕರ ವಿದ್ಯಾಸೇವೆ

ಸ್ವಾತಂತ್ರ್ಯದಿನ, ಗಾಂಧಿ ಜಯಂತಿ, ಮಕ್ಕಳ ದಿನ ಮೊದಲಾದ ಪರ್ವಗಳು ಬಂದೊಡನೆ ನಮ್ಮ ಪಟ್ಟಣಗಳ ಸಂಘಸಂಸ್ಥೆಗಳಲ್ಲಿ ಒಂದು ಬಗೆಯ ಉತ್ಸಾಹವು ತಲೆದೋರುವುದುಂಟು. ಬಡಮಕ್ಕಳಿಗೆ ಮಿಠಾಯಿಯನ್ನೂ ಪುಸ್ತಕಗಳನ್ನೂ ಬಟ್ಟೆಬರೆಗಳನ್ನೂ ಹಂಚುತ್ತಾರೆ, ಭಾಷಣಗಳಾಗುತ್ತವೆ, ಛಾಯಾಚಿತ್ರಗಳನ್ನು ತೆಗೆಯುತ್ತಾರೆ. ಕೊಡುವ ಕೈಯನ್ನು ನಾವು ಹಳಿಯಲಾರೆವು. ಆದರೆ ಮರುದಿನ ಬೆಳಗಾದಾಗ ಆ ಮಗುವಿನ ಬಳಿ ಯಾರಿರುತ್ತಾರೆ? ಕೊಟ್ಟ ಪುಸ್ತಕವನ್ನು ಬಿಡಿಸಿ ಓದಿಸುವವರಾರು? ಇದಕ್ಕೆ ಉತ್ತರವಿಲ್ಲದಿದ್ದಲ್ಲಿ ಆ ಸೇವೆಯು ದಾನಿಯ ಸಂತೋಷದಲ್ಲಿಯೇ ಮುಗಿದುಹೋಯಿತೆಂದು ಹೇಳದೆ ವಿಧಿಯಿಲ್ಲ.

ಬಡಮಕ್ಕಳೆಂಬ ಒಂದೇ ಮಾತಿನಿಂದ ನಾವು ಕರೆಯುವವರು ಒಂದೇ ಬಗೆಯವರಲ್ಲ. ಬೆಂಗಳೂರಿನಲ್ಲಿ ದೊಡ್ಡ ಕಟ್ಟಡಗಳು ಏಳುತ್ತಿರುವ ಸ್ಥಳಗಳ ಬದಿಯಲ್ಲಿ ತಗಡಿನ ಗುಡಿಸಲುಗಳನ್ನು ಕಾಣುತ್ತೇವೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಬಂದ ಕೂಲಿಕಾರರೂ, ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದವರೂ ಅಲ್ಲಿ ವಾಸಿಸುವರು. ಕಟ್ಟಡವು ಮುಗಿದೊಡನೆ ಗುಡಿಸಲು ಬೇರೆಡೆಗೆ ಹೋಗುತ್ತದೆ. ಮಗುವಿಗೆ ಇದ್ದ ಶಾಲೆಯೂ ತಪ್ಪುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ತಾಯಿತಂದೆಗಳೊಡನೆ ಊರು ಬಿಡುವ ಮಕ್ಕಳ ಪಾಡೂ ಇದೇ. ಒಬ್ಬನ ಮನೆಮಾತು ಲಂಬಾಣಿ, ಇನ್ನೊಬ್ಬನದು ಉರ್ದು, ಮತ್ತೊಬ್ಬಳದು ತೆಲುಗು ಅಥವಾ ಹಿಂದಿ. ಹತ್ತು ವರ್ಷದ ಹುಡುಗಿಯು ತಮ್ಮನನ್ನು ಕಂಕುಳಲ್ಲಿರಿಸಿಕೊಂಡೇ ಪಾಠಕ್ಕೆ ಬರಬೇಕಾಗುತ್ತದೆ. ಅವಳಿಗೆ ಬುದ್ಧಿಯು ಕಡಮೆಯೆಂದು ತಿಳಿಯುವವನು ಅವಳ ಹೊರೆಯನ್ನು ನೋಡಿದವನಲ್ಲ.

ಈ ಸೇವೆಯು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿಯೇ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ವಕೀಲಿ ವೃತ್ತಿಯ ಗೃಹಸ್ಥರಿವರು. ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. ಕಲಿಸಲು ಉಪಾಧ್ಯಾಯರು ದೊರೆಯುವುದೇ ದುಸ್ತರವಾಗಿತ್ತು. ಕೂಲಿಯನ್ನು ಬಿಟ್ಟು ಮಕ್ಕಳು ಶಾಲೆಗೆ ಬಂದರೆ ಮನೆಯಲ್ಲಿ ಒಲೆ ಉರಿಯದೆಂಬುದನ್ನರಿತು, ಮಕ್ಕಳನ್ನು ಕಳುಹಿಸಿದ ಹೆತ್ತವರಿಗೆ ದಿನಕ್ಕೆ ಎರಡು ಪೈಸೆಯಂತೆ ಅವರು ಕೊಡುತ್ತಿದ್ದರೆಂದು ಹೇಳುತ್ತಾರೆ. 1928ರಲ್ಲಿ ಅವರು ದಿವಂಗತರಾದರು. ತಾವು ಸಾಕಿದ ವರ್ಗದ ಮಗುವೊಂದು ವಿದ್ಯೆ ಕಲಿತು ಅಧಿಕಾರಿಯಾಗಿ ಮೋಟಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮವು ಸಾರ್ಥಕವೆಂಬುದು ಅವರ ಹಂಬಲವಾಗಿತ್ತು. ಕೃತಜ್ಞತೆಯನ್ನು ಬೇಡದೆ ಧೂಳನ್ನು ಬೇಡಿದ ಈ ಮನೋಧರ್ಮವನ್ನು ಇಂದಿನ ಸ್ವಯಂಸೇವಕರು ಚೆನ್ನಾಗಿ ಮನನಮಾಡತಕ್ಕದ್ದು.

ಹಾಗಾದರೆ ಉದ್ಯೋಗಸ್ಥನಾದ ಸಾಮಾನ್ಯ ನಾಗರಿಕನು ಮಾಡಬಹುದಾದುದೇನು? ವಾರಕ್ಕೆ ಎರಡು ಗಂಟೆಗಳನ್ನು ಕೊಡಲಿ. ಆದರೆ ಅದೇ ದಿನ, ಅದೇ ಹೊತ್ತಿಗೆ, ಒಂದು ವರ್ಷ ಪೂರ್ತಿ ಕೊಡಲಿ. ಮೂರು ವಾರ ಬಂದು ನಾಲ್ಕನೆಯ ವಾರ ಮರೆಯಾಗುವವನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಊರೂರು ಅಲೆದ ಮಗುವಿಗೆ ಬಿಟ್ಟುಹೋಗುವವರ ಅನುಭವವು ಮೊದಲೇ ಸಾಕಷ್ಟಾಗಿರುತ್ತದೆ. ಮಗುವಿನ ಮನೆಮಾತಿನ ನಾಲ್ಕು ಶಬ್ದಗಳನ್ನು ತಾನು ಮೊದಲು ಕಲಿತು, ಅನಂತರ ಕನ್ನಡದ ಅಕ್ಷರಗಳನ್ನು ಕಲಿಸಲಿ. ಜಾತಿಯನ್ನು ಕೇಳದಿರಲಿ, ಬಡತನವನ್ನು ನಾಲ್ವರೆದುರು ಆಡದಿರಲಿ, ಮಗುವಿನ ಚಿತ್ರವನ್ನು ತನ್ನ ಕೀರ್ತಿಗಾಗಿ ಹಂಚದಿರಲಿ. ಮಕ್ಕಳೊಡನೆ ಏಕಾಂತದಲ್ಲಿರದೆ ಎಲ್ಲರ ಕಣ್ಣೆದುರಿನಲ್ಲಿಯೇ ಕೆಲಸಮಾಡುವುದು ಮಕ್ಕಳ ರಕ್ಷಣೆಗಾಗಿ ಇರತಕ್ಕ ನಿಯಮ. ಸಂಭಾವಿತನಾದವನು ಇದಕ್ಕೆ ಬೇಸರಪಡಲಾರನು. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಯಂಸೇವಕನ ಪಾಠವು ಶಾಲೆಗೆ ಬದಲಿಯಾಗಬಾರದು. ಮಗುವನ್ನು ಶಾಲೆಯವರೆಗೆ ಕೈಹಿಡಿದು ನಡೆಯಿಸುವ ಸಾಧನವಾಗಬೇಕು.

ಇನ್ನು ಅಧಿಕಾರಿವರ್ಗಕ್ಕೆ ಒಂದೆರಡು ಮಾತು. 2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. 2009ರ ಶಿಕ್ಷಣ ಹಕ್ಕು ಕಾನೂನು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರವು ತಡವಾಯಿತೆಂದು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಶಾಲೆಯನ್ನೇ ಕಾಣದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತನ್ನು ಕೊಡತಕ್ಕದ್ದು. ದೈಹಿಕ ಶಿಕ್ಷೆಯೂ ಮಾನಸಿಕ ಹಿಂಸೆಯೂ ನಿಷಿದ್ಧ. ಇವೆಲ್ಲವೂ ಆ ಕಾನೂನಿನಲ್ಲಿ ಸ್ಪಷ್ಟವಾಗಿರುವ ವಿಧಿಗಳು. ಹೀಗಿದ್ದೂ ಕಾಗದವಿಲ್ಲದ ತಾಯಿಯೊಬ್ಬಳು ಕೂಲಿಯ ದಿನವನ್ನು ಕಳೆದುಕೊಂಡು ಶಾಲೆಯ ಬಾಗಿಲಿನಿಂದ ಬರಿಗೈಯಲ್ಲಿ ಮರಳಿದರೆ, ಅದು ಕಾನೂನಿನ ಕೊರತೆಯಲ್ಲ. ಅದನ್ನು ನಡೆಯಿಸತಕ್ಕವರ ಔದಾಸೀನ್ಯ. ಅಂಥ ತಾಯಿಯ ಜೊತೆಯಲ್ಲಿ ಹೋಗಿ, ಮುಖ್ಯೋಪಾಧ್ಯಾಯರಿಗೆ ವಿಧಿಯನ್ನು ವಿನಯದಿಂದ ತೋರಿಸಿ ಹೆಸರು ಹಚ್ಚಿಸುವುದು ಅಕ್ಷರಸ್ಥನು ಮಾಡಬಹುದಾದ ದೊಡ್ಡ ಸೇವೆ. ದುಡಿಮೆಗೆ ಹಚ್ಚಲ್ಪಟ್ಟ ಅಥವಾ ಸಂಕಟದಲ್ಲಿರುವ ಮಗುವನ್ನು ಕಂಡವರು 1098ಕ್ಕೆ ಕರೆಮಾಡಿ ತಿಳಿಸಲಿ. ಅದಕ್ಕೆ ಕಾಸಿನ ಖರ್ಚೂ ಇಲ್ಲ.

ರಂಗರಾಯರ ಕಾಲದಲ್ಲಿ ಕಾನೂನಿನ ಆಸರೆಯಿರಲಿಲ್ಲ, ಸಮಾಜದ ಸಮ್ಮತಿಯಿರಲಿಲ್ಲ, ಸರಕಾರವು ಪರಕೀಯರದಾಗಿತ್ತು. ಇಂದು ಸರಕಾರವು ನಮ್ಮದು, ಕಾನೂನು ನಮ್ಮದು, ಶಾಲೆಗಳಲ್ಲಿ ಮಧ್ಯಾಹ್ನದ ಊಟವೂ ಉಂಟು. ಅಂದು ಅವರು ಕೈಯಿಂದ ಪೈಸೆ ತೆತ್ತು ಕರೆತಂದ ಮಕ್ಕಳನ್ನು ಇಂದು ನಾವು ಕಾಗದವಿಲ್ಲವೆಂದು ಹಿಂದಕ್ಕೆ ಕಳುಹಿಸಬಹುದೆ? ವಾಚಕರು ತಮ್ಮ ಬೀದಿಗೆ ಸಮೀಪವಾದ ಗುಡಿಸಲುಗಳತ್ತ ಒಮ್ಮೆ ನಡೆದು, ಅಲ್ಲಿರುವ ಮಕ್ಕಳಲ್ಲಿ ಶಾಲೆಗೆ ಹೋಗದವರೆಷ್ಟೆಂದು ವಿಚಾರಿಸಲಿ. ಅವರಲ್ಲಿ ಒಬ್ಬರ ಹೆಸರಾದರೂ ಹಾಜರಿ ಪುಸ್ತಕವನ್ನು ಸೇರುವಂತೆ ಮಾಡಿ, ವರ್ಷಾಂತ್ಯದವರೆಗೂ ಅದು ಅಲ್ಲಿಯೇ ಉಳಿಯುವಂತೆ ನೋಡಿಕೊಳ್ಳಲಿ. ಇಷ್ಟನ್ನೇ ನಾವು ಬೇಡುವುದು.