ಕರಡಿಯೂ ಪಿಸ್ತೂಲಿನ ಗುಂಡೂ

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಸುತ್ತಲಿನ ಬಂಡೆಗುಡ್ಡಗಳ ಸೀಮೆಯಲ್ಲಿ ಕರಡಿಯ ಭಯ ಹೊಸದಲ್ಲ. ಕಡಲೆಕಾಯಿ ಹೊಲದ ಕಾವಲಿಗೆ ರಾತ್ರಿ ಹೊರಡುವ ರೈತನಿಗೆ ಅದು ಎದುರಾಗಬಹುದು. ಆಗ ಕೈಯಲ್ಲಿ ಪಿಸ್ತೂಲೊಂದಿದ್ದರೆ ಸಾಲದೆ? ಇದ್ದರೆ ಎಂತಹ ಗುಂಡಿರಬೇಕು? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆಯನ್ನು ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ.

ಚಲನಚಿತ್ರಗಳಲ್ಲಿ ಗುಂಡು ತಗುಲಿದವನು ಹಿಂದಕ್ಕೆ ಹಾರಿಬೀಳುತ್ತಾನೆ. ನಿಜದಲ್ಲಿ ಹಾಗಾಗದು. ೯ ಮಿಲಿಮೀಟರ್ ವ್ಯಾಸದ ಗುಂಡಿನ ತೂಕ ಸುಮಾರು ೮ ಗ್ರಾಂ, ವೇಗ ಸೆಕೆಂಡಿಗೆ ಸುಮಾರು ೩೫೦ ಮೀಟರ್. ಇವೆರಡರ ಗುಣಲಬ್ಧವೇ ಅದರ ಸಂವೇಗ: ೨.೮ ಮಾನಗಳು. ೧೦೦ ಕಿಲೋಗ್ರಾಂ ತೂಕದ ಕರಡಿ ಸೆಕೆಂಡಿಗೆ ೮ ಮೀಟರ್ ವೇಗದಿಂದ ನುಗ್ಗಿದರೆ ಅದರ ಸಂವೇಗ ೮೦೦. ಗುಂಡು ಅದರ ವೇಗವನ್ನು ತಗ್ಗಿಸುವುದು ಸೆಕೆಂಡಿಗೆ ಮೂರೇ ಸೆಂಟಿಮೀಟರಿನಷ್ಟು! ನ್ಯೂಟನ್ನನ ಮೂರನೆಯ ನಿಯಮದಂತೆ, ಕರಡಿಯನ್ನು ಕೆಡಹಬಲ್ಲ ನೂಕು ಹಾರಿಸಿದವನನ್ನೂ ಕೆಡಹದೆ ಬಿಡದು.

ಆದ್ದರಿಂದ ಗುಂಡಿನ ಪರಿಣಾಮವೆಲ್ಲ ಅದು ಎಷ್ಟು ಆಳಕ್ಕೆ, ಯಾವ ಅಂಗಕ್ಕೆ ಇಳಿಯಿತೆಂಬುದರಲ್ಲಿದೆ. ತುದಿಯಲ್ಲಿ ಕುಳಿಯುಳ್ಳ ಗುಂಡು ದೇಹವನ್ನು ಹೊಕ್ಕೊಡನೆ ಅರಳುತ್ತದೆ. ವ್ಯಾಸವು ೯ರಿಂದ ೧೫ ಮಿಲಿಮೀಟರಿಗೆ ಏರಿತೆನ್ನಿ. ಅಡ್ಡಕೊಯ್ತದ ವಿಸ್ತಾರ ಹೆಚ್ಚುಕಡಿಮೆ ಮೂರು ಪಟ್ಟಾಯಿತು, ತಡೆಯೂ ಅದಕ್ಕೆ ತಕ್ಕಂತೆ ಬೆಳೆಯಿತು, ಆಳ ಕುಗ್ಗಿತು. ಜನನಿಬಿಡ ನಗರದಲ್ಲಿ ಇದೊಂದು ಗುಣ, ಗುಂಡು ಆಚೆ ಹಾಯ್ದು ಮತ್ತೊಬ್ಬನಿಗೆ ತಗುಲುವ ಸಂಭವ ಕಡಮೆ. ಕೊಬ್ಬು, ಸ್ನಾಯು, ದಪ್ಪ ಮೂಳೆಗಳ ಕರಡಿಯ ವಿಷಯದಲ್ಲಿ ಅದೇ ದೋಷ. ಉತ್ತರ ಅಮೆರಿಕದಲ್ಲಿ ದೊಡ್ಡ ಕಂದು ಕರಡಿಗಳ ನಾಡಿಗೆ ಹೋಗುವವರು ಅರಳದ, ಗಡುಸಾದ, ಚಪ್ಪಟೆ ಮೂತಿಯ, ಭಾರದ ಗುಂಡನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ೯ ಮಿಲಿಮೀಟರಿನ ಗುಂಡಿನಲ್ಲಿ ಒಂದು ಚದರ ಸೆಂಟಿಮೀಟರಿನ ಬೆನ್ನಿಗೆ ಹನ್ನೆರಡೂವರೆ ಗ್ರಾಂ ತೂಕವಿದ್ದರೆ, ೧೦.೯ ಮಿಲಿಮೀಟರ್ ವ್ಯಾಸದ, ೧೯ ಗ್ರಾಂ ತೂಕದ ಗುಂಡಿನಲ್ಲಿ ೨೦ ಗ್ರಾಂ ಇರುತ್ತದೆ.

ಇಷ್ಟಾದರೂ ಗುರಿ ತಪ್ಪಿದರೆ ವ್ಯರ್ಥ. ನಮ್ಮ ಕರಡಿಯ ಜೋಲುಗೂದಲು ಅದರ ಆಕಾರವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ೨೦ ಮೀಟರ್ ದೂರವನ್ನು ಅದು ಎರಡೂವರೆ ಸೆಕೆಂಡಿನಲ್ಲಿ ಕ್ರಮಿಸಬಲ್ಲದು. ಹೃದಯಕ್ಕೇ ಗುಂಡು ತಗುಲಿದರೂ ಮಿದುಳಿನಲ್ಲುಳಿದ ಆಮ್ಲಜನಕ ಅದಕ್ಕಿಂತ ಹೆಚ್ಚು ಹೊತ್ತು ನಡೆಸುತ್ತದೆ. ಮಿದುಳಿಗೋ ಬೆನ್ನುಹುರಿಗೋ ತಗುಲಿದರೆ ಮಾತ್ರ ಅದು ಥಟ್ಟನೆ ನಿಂತೀತು. ಕತ್ತಲೆಯಲ್ಲಿ, ನಡುಗುವ ಕೈಯಿಂದ, ಇದು ಯಾರಿಗೆ ಸಾಧ್ಯ?

ಪಿಸ್ತೂಲು ನಮ್ಮ ರೈತನ ಕೈಗೆ ಎಟುಕುವ ವಸ್ತುವೂ ಅಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕರಡಿಯ ಬೇಟೆಯನ್ನು ನಿಷೇಧಿಸಿದೆ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಮಾತ್ರ ಅಪರಾಧವಲ್ಲ. ಕರಡಿ ಮೇಲೆ ಬೀಳುವುದು ಬಹುಮಟ್ಟಿಗೆ ಹತ್ತಿರದಲ್ಲಿ ಹಠಾತ್ತನೆ ಬೆಚ್ಚಿದಾಗ. ಶಬ್ದದ ವೇಗವೂ ಸೆಕೆಂಡಿಗೆ ಸುಮಾರು ೩೪೦ ಮೀಟರ್, ಆ ಸಣ್ಣ ಗುಂಡಿನ ವೇಗಕ್ಕೆ ಸರಿಸಮ; ಅದಕ್ಕೆ ಗುರಿಯೂ ಬೇಡ. ನಾಲ್ವರು ಕೂಡಿ, ದೀಪ ಹಿಡಿದು, ಗಟ್ಟಿಯಾಗಿ ಮಾತಾಡುತ್ತ ನಡೆದರೆ, ಬಂಡೆಯ ಮರೆ ಬಂದಲ್ಲಿ ಡಬ್ಬ ಬಡಿದರೆ, ನಾವು ತಲಪುವ ಮೊದಲೇ ಕರಡಿಗೆ ಸರಿದುಹೋಗಲು ವೇಳೆ ಸಿಗುತ್ತದೆ.