ಕೊಬ್ಬರಿ ಮಂಡಿಯಲ್ಲಿ 18 ನಂಬರಿನ ಅಂಗಿ

ತಿಪಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಮೊದಲು ಎದುರಾಗುವುದು ಉಂಡೆ ಕೊಬ್ಬರಿಯ ಸಿಹಿ ಜಿಡ್ಡು ವಾಸನೆ. ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಒಂದು ಬೆನ್ನು. ಮೂಟೆ ಇಳಿಸಿ ತಿರುಗಿದ ಹಮಾಲಿಯ ಅಂಗಿ ಯಾವ ಕಾಲಕ್ಕೋ ಕೆಂಪಗಿದ್ದಿರಬೇಕು; ಬೆವರು, ಎಣ್ಣೆ, ಬಿಸಿಲು ಸೇರಿ ಇಟ್ಟಿಗೆ ಬಣ್ಣಕ್ಕೆ ಬಂದಿದೆ. ಮೂಟೆ ಕೂರುವ ಜಾಗದಲ್ಲಿ ಕೊಹ್ಲಿಯ 18ರ 1 ಪೂರ್ತಿ ಕಿತ್ತುಹೋಗಿ, 8 ಅರ್ಧ ಉಳಿದಿದೆ.

‘ಕಪ್ ಗೆದ್ದಾಗ ತಗೊಂಡಿದ್ದಾ?’ ಅಂದೆ.

‘ಗೆದ್ಮೇಲೆ ಎಲ್ರೂ ತಗೊಂಡ್ರು ಸಾರ್. ಇದು ಸೋತಾಗಿನ್ದು.’

ಸೋತಾಗ ಅಂದರೆ ಯಾವಾಗ ಎಂದು ಕೇಳಲಿಲ್ಲ. ಆರ್‌ಸಿಬಿಯವರನ್ನು ಕೇಳುವ ಮಾತೇ ಅದು? 2009, 2011, 2016ರ ಐಪಿಎಲ್ ಫೈನಲ್‌ಗಳಿವೆ. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಎಲ್ಲರೂ ಔಟಾದದ್ದಿದೆ. 2019ರಲ್ಲಿ ಮೊದಲ ಆರೂ ಪಂದ್ಯ ಸೋತು ಪಟ್ಟಿಯ ತಳದಲ್ಲಿ ಮುಗಿಸಿದ್ದಿದೆ.

ಮಂಡಿಯ ಗಲ್ಲಾದ ಹತ್ತಿರ ಕೂತಿದ್ದ ವರ್ತಕರಿಗೆ ಈ ವಿಷಯದಲ್ಲಿ ಹರಾಜಿನವರದೇ ತರ್ಕ. ಒಂದು ಉಂಡೆ ಎತ್ತಿ, ಬೆರಳಲ್ಲಿ ಹೊರಳಿಸಿ, ಇನ್ನೊಂದಕ್ಕೆ ಕುಟ್ಟಿ ಸದ್ದು ಕೇಳಿಸಿಕೊಂಡರು. ‘ನಮ್ಮೋರು ಅಷ್ಟು ವರ್ಷ ಹೊಳಪು ನೋಡಿ ಕೂಗಿದ್ರು. ಆ ಸಲ ಜೆಡ್ಡಾದಲ್ಲಿ ತೂಕ ನೋಡಿ ಕೂಗಿದ್ರು, ಅಷ್ಟೇ.’ 2024ರ ನವೆಂಬರ್ ಹರಾಜಿನ ಮಾತು. ಉಳಿಸಿಕೊಂಡಿದ್ದು ಮೂವರನ್ನೇ: ಕೊಹ್ಲಿ, ಪಾಟಿದಾರ್, ಯಶ್ ದಯಾಳ್. ಬ್ಯಾಟಿಂಗ್ ಹೆಸರುಗಳಿಗೆ ದುಡ್ಡು ಸುರಿದು ಬೌಲಿಂಗಿಗೆ ಚಿಲ್ಲರೆ ಎಣಿಸುವ ಹಳೇ ಚಾಳಿ ಬಿಟ್ಟು, ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಕೊಟ್ಟರು. 5.75 ಕೋಟಿಗೆ ಸಿಕ್ಕ ಕೃಣಾಲ್ ಪಾಂಡ್ಯ ಫೈನಲ್‌ನಲ್ಲಿ 17 ರನ್‌ಗೆ 2 ವಿಕೆಟ್ ಕಿತ್ತು ಪಂದ್ಯವನ್ನೇ ತಿರುಗಿಸಿದರು. 2009ರಲ್ಲಿ ಸೋತದ್ದು 6 ರನ್‌ಗಳಿಂದ. 2025ರ ಜೂನ್ 3ರಂದು ಗೆದ್ದದ್ದೂ 6 ರನ್‌ಗಳಿಂದ. ಹಳೇ ಬಾಕಿ ಬಡ್ಡಿಯಿಲ್ಲದೆ ಚುಕ್ತಾ ಆಯಿತು ಎಂದು ವರ್ತಕರು ನಕ್ಕರು.

ಆ ಮಳೆಗಾಲ ಕೊಬ್ಬರಿಗೂ ರೇಟು ಬಂದಿತ್ತು. 2023ರಲ್ಲಿ ಬೆಂಬಲ ಬೆಲೆಯೂ ಸಿಗದೆ ಒದ್ದಾಡಿದ ಮಾರುಕಟ್ಟೆಯಲ್ಲಿ ಕ್ವಿಂಟಲ್ 20 ಸಾವಿರ ದಾಟಿ ಓಡಿತು. ಆದರೆ ರೋಗ, ಹುಳು, ಇಳುವರಿ ಕುಸಿತದಿಂದ ಬಹಳ ಮಂದಿಯ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ.

ಚಿಕ್ಕನಾಯಕನಹಳ್ಳಿಯಲ್ಲಿ ಟೀ ಅಂಗಡಿಯೊಂದರ ಒಳಗೋಡೆಯ ಮೇಲೆ ಕಪ್ ಎತ್ತಿದ ಪಾಟಿದಾರ್ ಚಿತ್ರ, ಪತ್ರಿಕೆಯಿಂದ ಕತ್ತರಿಸಿದ್ದು. ಹೊರಗೆ ಫ್ಲೆಕ್ಸ್ ಇಲ್ಲ. ಬರೆಸಿದ್ದರಂತೆ, ಕಟ್ಟಲಿಲ್ಲ. ಗೆದ್ದ ಮಾರನೇ ದಿನ, ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ‘ನಮ್ ಹುಡ್ಗಾನೂ ಹೋಗಿದ್ದ. ರಾತ್ರಿ ಎಂಟರ ಗಂಟ ಫೋನ್ ಸಿಗ್ಲಿಲ್ಲ.’ ಇಷ್ಟು ಹೇಳಿ ಅಂಗಡಿಯವರು ಲೋಟ ತೊಳೆಯಲು ತಿರುಗಿದರು. ನಾನೂ ಮುಂದೆ ಕೇಳಲಿಲ್ಲ.

ಕೆ.ಬಿ. ಕ್ರಾಸ್ ದಾಟಿ ತುರುವೇಕೆರೆ ಕಡೆಗೆ ಬಂದರೆ ಎರಡೂ ಬದಿ ತೋಟ. ಒಂದು ತೋಟದಲ್ಲಿ ಮುದಿ ಮರಗಳ ಸಾಲಿನ ನಡುವೆ ಮೊಣಕಾಲೆತ್ತರದ ಸಸಿಗಳು. ‘ಎಲ್ಲಾ ಒಂದೇ ಸಲ ಕಡಿದ್ರೆ ಏಳೆಂಟು ವರ್ಷ ಏನ್ ತಿನ್ನೋದು?’ ಅಂದರು ಯಜಮಾನರು. ಎಡೆಯಲ್ಲಿ ಸಸಿ ಇಕ್ಕಿ, ಅದು ಹೊಂಬಾಳೆ ಬಿಟ್ಟಮೇಲೆ ಹಳೆಯದಕ್ಕೆ ಕೊಡಲಿ. ಅಲ್ಲೊಂದು ಮರವಂತೂ ಫಸಲು ಇಳಿದರೂ ಉಳಿದಿದೆ, ಅವರಪ್ಪ ನೆಟ್ಟದ್ದಂತೆ. ಪಿಯುಸಿ ಓದುವ ಮೊಮ್ಮಗ ಆ ಮರಕ್ಕೆ ‘ಕೊಹ್ಲಿ’ ಅಂತ ಹೆಸರಿಟ್ಟಿದ್ದಾನೆ.

ಹುಡುಗನಿಗೆ ತಂಡದ ಮೇಲೆ ಸಿಟ್ಟೂ ಇದೆ. ಕೆ.ಎಲ್. ರಾಹುಲ್‌ರನ್ನು ಹರಾಜಿನಲ್ಲಿ ಡೆಲ್ಲಿಗೆ ಬಿಟ್ಟುಕೊಟ್ಟರಲ್ಲ! ಅದೇ ರಾಹುಲ್ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಕೊರೆದು, ಇದು ನನ್ನ ಜಾಗ ಎಂದು ತೋರಿಸಿದ್ದರು. ‘ಚಪ್ಪಾಳೆ ಹೊಡೀಲೋ ಬೈಲೋ ಗೊತ್ತಾಗ್ಲಿಲ್ಲ ಸಾರ್.’ ನನಗೂ ಅವತ್ತು ಹಾಗೇ ಆಗಿತ್ತು. ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ನಮ್ಮೂರ ಹುಡುಗರನ್ನು ಭೂತಗನ್ನಡಿ ಹಿಡಿದು ಹುಡುಕಬೇಕಾದ ಬೇಸರ ಕಪ್ ಬಂದರೂ ಹೋಗುವಂಥದ್ದಲ್ಲ.

ಸಂಜೆ ಯಜಮಾನರು ಅಟ್ಟ ಹತ್ತಿಸಿದರು. ಕತ್ತಲು, ದೂಳು, ಸಿಪ್ಪೆ ಸಮೇತ ಹರಡಿದ ಕಾಯಿ. ಹತ್ತು, ಹನ್ನೊಂದು ತಿಂಗಳು ಹೀಗೇ ಬಿದ್ದಿದ್ದರೆ ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿದರು: ಗಡಗಡ. ಪಕ್ಕಕ್ಕಿಟ್ಟರು. ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಸಣ್ಣಗೆ ಚಳಕ್ ಅಂತು.

‘ನೀರೈತೆ. ಅಲ್ಲೇ ಮೂಲೆಗಿಕ್ಕಿ.’

ಕೆಳಗಿನಿಂದ ಮೊಮ್ಮಗ ಕೂಗಿದ: ‘ತಾತಾ, ಟಾಸ್ ಆಯ್ತು, ಬಾ!’

‘ಬತ್ತೀನಿ ಇರ್ಲಾ’ ಎಂದು ಅವರು ಮತ್ತೊಂದು ಕಾಯಿ ಎತ್ತಿಕೊಂಡರು.