ಮೇಣದಬತ್ತಿಯ ಹಿಂದಿನ ಮುಖ

ಮದುವೆಯ ದೃಶ್ಯವೊಂದಕ್ಕಾಗಿಯೇ ಈ ಸಿನಿಮಾವನ್ನು ಮತ್ತೆ ಮತ್ತೆ ನೋಡಿದ್ದೇನೆ. ಇಗರ್ಜಿಯ ತುಂಬ ಹೊಗೆ, ಗಾಯನ, ನೂರಾರು ದೀಪ. ವಧುವಿನ ಮುಖಕ್ಕೆ ತೆಳು ಪರದೆ, ತುಟಿಯ ಹತ್ತಿರವೇ ಉರಿಯುವ ಮೇಣದಬತ್ತಿ. ಕ್ಯಾಮೆರಾ ಹತ್ತಿರ ಸರಿಯುತ್ತ ಹೋಗಿ, ಕೊನೆಗೆ ತೆರೆಯ ಮೇಲೆ ಉಳಿಯುವುದು ಆ ಕಣ್ಣುಗಳು, ಪರದೆಯ ನೂಲು, ಆ ಜ್ವಾಲೆ ಇಷ್ಟೇ. ಅವಳ ಉಸಿರು ತಾಗಿದಾಗಲೆಲ್ಲ ಜ್ವಾಲೆ ನಡುಗುತ್ತದೆ. ಅವಳು ಒಂದು ಮಾತೂ ಆಡುವುದಿಲ್ಲ. ಆದರೆ ಎದೆ ಹೇಗೆ ಹೊಡೆದುಕೊಳ್ಳುತ್ತಿದೆ ಎಂಬುದನ್ನು ಆ ಬೆಂಕಿಯೇ ಹೇಳಿಬಿಡುತ್ತದೆ.

1934ರಲ್ಲಿ ಹಾಲಿವುಡ್‌ನ ಪ್ಯಾರಾಮೌಂಟ್ ಸಂಸ್ಥೆ ತೆರೆಗೆ ತಂದ ‘ದಿ ಸ್ಕಾರ್ಲೆಟ್ ಎಂಪ್ರೆಸ್’ ಚಿತ್ರ ಅದು. ನಿರ್ದೇಶಕ ಜೋಸೆಫ್ ವಾನ್ ಸ್ಟರ್ನ್‌ಬರ್ಗ್, ವಧು ಮರ್ಲೀನ್ ಡೀಟ್ರಿಚ್. ಇಬ್ಬರೂ ಜೊತೆಯಾಗಿ ಮಾಡಿದ ಏಳು ಚಿತ್ರಗಳಲ್ಲಿ ಇದು ಆರನೆಯದು. ಕಥೆ ರಷ್ಯಾದ ಎರಡನೇ ಕ್ಯಾಥರೀನಳದು. 1729ರಲ್ಲಿ ಜರ್ಮನಿಯ ಪುಟ್ಟ ರಾಜಮನೆತನವೊಂದರಲ್ಲಿ ಸೋಫಿಯಾ ಆಗಿ ಹುಟ್ಟಿ, ಹದಿಹರೆಯದಲ್ಲೇ ರಷ್ಯಾದ ಸೊಸೆಯಾಗಿ ಬಂದು, 1762ರಲ್ಲಿ ಗಂಡನನ್ನೇ ಕೆಳಗಿಳಿಸಿ ಪಟ್ಟವೇರಿ, 34 ವರ್ಷ ಆಳಿದವಳು.

ಸ್ಟರ್ನ್‌ಬರ್ಗ್ ಕಟ್ಟಿಸಿದ ಅರಮನೆಯಂಥದ್ದು ರಷ್ಯಾದಲ್ಲಿ ಎಲ್ಲೂ ಇರಲಿಲ್ಲ. ಕುರ್ಚಿಯ ಬೆನ್ನಿಗೆಲ್ಲ ನರಳುವ, ಬಾಗಿದ, ಬಾಯಿ ತೆರೆದ ವಿಕಾರ ಮೂರ್ತಿಗಳು. ಒಬ್ಬರಿಂದ ತೆರೆಯಲಾಗದ, ಹಲವರು ಸೇರಿ ತಳ್ಳಬೇಕಾದ ಬಾಗಿಲುಗಳು. ಮದುವೆಯ ಊಟದ ಮೇಜಿನ ಮೇಲೂ ಒಂದು ಅಸ್ಥಿಪಂಜರ. ಇದು ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಭಾಷೆ ಗೊತ್ತಿಲ್ಲದ ಪರದೇಶದ ಮನೆಗೆ ಸೊಸೆಯಾಗಿ ಬಂದ ಹುಡುಗಿಯ ಕಣ್ಣಿಗೆ ಅರಮನೆ ಹೀಗೇ ಕಂಡೀತು. ಗಂಡ ಪೀಟರ್ (ಸ್ಯಾಮ್ ಜಾಫಿ) ಹಲ್ಲು ಕಿರಿಯುವ ಅರೆಮರುಳ. ಗೋಡೆಗೆ ಬೈರಿಗೆ ಹಾಕಿ ತೂತು ಕೊರೆಯುತ್ತಾನೆ. ಅದರ ಮೊನೆ ಆಚೆ ಬದಿಯ ಚಿತ್ರವೊಂದರ ಕಣ್ಣನ್ನೇ ಸೀಳಿಕೊಂಡು ಹೊರಬರುತ್ತದೆ. ಆ ಮನೆಯಲ್ಲಿ ಯಾರಿಗೂ ಮರೆ ಎಂಬುದಿಲ್ಲ ಎನ್ನಲು ಬೇರೆ ದೃಶ್ಯವೇ ಬೇಡ.

ಡೀಟ್ರಿಚ್ ಅಭಿನಯವೆಲ್ಲ ಕಣ್ಣಿನಲ್ಲೇ ಇದೆ. ಚಿತ್ರದ ಮೊದಲ ಭಾಗದಲ್ಲಿ ಆ ಕಣ್ಣುಗಳು ಅರಳಿದಂತೆಯೇ ಇರುತ್ತವೆ, ಬಾಯಿ ಅರೆತೆರೆದಿರುತ್ತದೆ. ಅವಳು ಒಲಿದು ನಂಬಿದ ಆಸ್ಥಾನಿಕ ಅಲೆಕ್ಸಿ ಅತ್ತೆಮನೆಯ ಮಹಾರಾಣಿಯ ಅಂತಃಪುರಕ್ಕೂ ಹೋಗುವವನೆಂದು ತಿಳಿದ ರಾತ್ರಿ, ಅವನು ಕೊಟ್ಟ ಪದಕವನ್ನು ಕಿಟಕಿಯಾಚೆ ಎಸೆಯುತ್ತಾಳೆ. ಅದು ಮರದ ಕೊಂಬೆಯಿಂದ ಕೊಂಬೆಗೆ ಸಿಕ್ಕಿ, ಬಿಡಿಸಿಕೊಂಡು, ನಿಧಾನವಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಅವಳ ರೆಪ್ಪೆ ಅರ್ಧ ಇಳಿಯುತ್ತದೆ. ಎದುರಿಗಿರುವವನನ್ನು ಅಳೆಯುವ ನೋಟ ಬರುತ್ತದೆ.

ಆದರೂ ನಿಜವಾದ ಕ್ಯಾಥರೀನಳಿಗೆ ಈ ಚಿತ್ರ ಅನ್ಯಾಯ ಮಾಡಿದೆ, ಅದನ್ನು ಹೇಳಲೇಬೇಕು. ತೆರೆಯ ಮೇಲಿನವಳು ಗೆಲ್ಲುವುದು ರೂಪದಿಂದ, ಸೈನಿಕರ ಒಲವಿನಿಂದ. ಇತಿಹಾಸದ ಹುಡುಗಿ ರಾತ್ರಿ ಎದ್ದು ಬರಿಗಾಲಲ್ಲಿ ಓಡಾಡುತ್ತ ರಷ್ಯನ್ ಪಾಠ ಬಾಯಿಪಾಠ ಮಾಡಿದವಳು. ಅದರಿಂದಲೇ ಕಾಯಿಲೆ ಬಿದ್ದು ಸಾವಿನಂಚಿಗೆ ಹೋಗಿ ಬಂದವಳು. ಹೆಸರು, ಧರ್ಮ, ಭಾಷೆ ಮೂರನ್ನೂ ಬದಲಿಸಿಕೊಂಡಳು. ವರ್ಷಗಟ್ಟಲೆ ಒಂಟಿಯಾಗಿ ಕೂತು ಓದಿದಳು. ಮುಂದೆ ವೋಲ್ಟೇರ್‌ಗೆ ಪತ್ರ ಬರೆದವಳು, ದಿದೆರೋನ ಗ್ರಂಥಭಂಡಾರವನ್ನೇ ಕೊಂಡವಳು ಅವಳೇ. ಕ್ಯಾಥರೀನಳ ದಿನಚರಿಯೇ ಚಿತ್ರಕ್ಕೆ ಆಧಾರ ಎಂದು ಹೇಳಿಕೊಂಡರೂ ಆ ಓದುವ ಹೆಣ್ಣು ಇದರಲ್ಲಿ ಎಲ್ಲೂ ಕಾಣುವುದಿಲ್ಲ. ಅವಳೂ ಒಂದು ದೃಶ್ಯದಲ್ಲಾದರೂ ಇದ್ದಿದ್ದರೆ ಎಂದು ಪ್ರತಿಸಲವೂ ಅನ್ನಿಸುತ್ತದೆ.

ಬಿಡುಗಡೆಯಾದಾಗ ಚಿತ್ರ ಸೋತಿತು. ಅದೇ ವರ್ಷ ಇಂಗ್ಲೆಂಡಿನಿಂದಲೂ ಕ್ಯಾಥರೀನಳ ಮೇಲೊಂದು ಚಿತ್ರ ಬಂದಿತ್ತು, ಎಲಿಜಬೆತ್ ಬರ್ಗ್ನರ್ ನಟಿಸಿದ್ದು.

ಚಿತ್ರದ ಕೊನೆಗೆ ದಂಗೆಯ ರಾತ್ರಿ. ನಿಜದಲ್ಲಿ ಅವಳು ತೊಟ್ಟದ್ದು ಕಾವಲುಪಡೆಯ ಹಸಿರು ಸಮವಸ್ತ್ರ. ಡೀಟ್ರಿಚ್ ತೊಟ್ಟದ್ದು ಅಪ್ಪಟ ಬಿಳಿ. ಗಂಟೆಗಳು ಮೊಳಗುತ್ತವೆ, ಚೈಕೋವ್‌ಸ್ಕಿ, ವಾಗ್ನರ್ ಸಂಗೀತ ಅಪ್ಪಳಿಸುತ್ತದೆ, ಕುದುರೆಗಳು ಸವಾರರ ಸಮೇತ ಅರಮನೆಯ ಮೆಟ್ಟಿಲೇರಿ ನುಗ್ಗುತ್ತವೆ. ಪೀಟರ್ ಆ ರಾತ್ರಿಯೇ ಕೊಲೆಯಾಗುತ್ತಾನೆ. ಗೆದ್ದು ನಿಂತವಳ ಮುಖವನ್ನು ಕ್ಯಾಮೆರಾ ಮತ್ತೆ ಹತ್ತಿರದಿಂದ ತೋರಿಸುತ್ತದೆ. ಈ ಸಲ ಪರದೆಯೂ ಇಲ್ಲ, ಮೇಣದಬತ್ತಿಯೂ ಇಲ್ಲ. ಕಣ್ಣುಗಳು ಮೊದಲಿನಂತೆ ಪೂರ್ತಿ ಅರಳಿವೆ, ಹಲ್ಲುಗಳೆಲ್ಲ ಕಾಣುವ ನಗು. ಆ ನಗು ಪೀಟರನದು.